ನೊಗವೂ ಆಶ್ರಯವೂ: ಪಂಡಿತಾ ರಮಾಬಾಯಿಯವರ ಶರಣಾಗತಿ

ಸಭೆಯ ಹಿರಿಯರೇ, ಸಹೋದರ ಸಹೋದರಿಯರೇ,

ದುಡಿದು ದಣಿದವರನ್ನೂ ಹೊರೆ ಹೊತ್ತವರನ್ನೂ ತನ್ನ ಬಳಿಗೆ ಕರೆಯುವ ಯೇಸು, ವಿಶ್ರಾಂತಿ ಕೊಡುತ್ತೇನೆಂದು ಹೇಳಿದ ಬಾಯಲ್ಲೇ ತನ್ನ ನೊಗವನ್ನು ಹೊತ್ತುಕೊಳ್ಳಿರೆಂದೂ ಹೇಳುತ್ತಾನೆ. ಮತ್ತಾಯನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದ ಈ ಮಾತನ್ನು ನಾವು ಎಷ್ಟು ಸಲ ಕೇಳಿದ್ದೇವೆಂದರೆ, ಅದರೊಳಗಿನ ಸೋಜಿಗ ನಮ್ಮ ಕಿವಿಗೆ ಬೀಳುವುದೇ ಇಲ್ಲ. ಉಳುಮೆ ಮುಗಿಸಿ ಬಂದ ಎತ್ತಿಗೆ ವಿಶ್ರಾಂತಿ ಎಂದರೆ ನೊಗ ಕಳಚುವುದು; ಇಲ್ಲಿಯಾದರೋ ನೊಗವೇ ವಿಶ್ರಾಂತಿಯ ದಾರಿ. ಕನ್ನಡದ ಕಿವಿಗೆ ಇದು ತೀರ ಅಪರಿಚಿತವೇನೂ ಅಲ್ಲ. ‘ಶರಣು’ ಎಂಬ ಒಂದೇ ಮಾತು ನಮ್ಮಲ್ಲಿ ಆಶ್ರಯವನ್ನೂ ಹೇಳುತ್ತದೆ, ತಲೆಬಾಗುವುದನ್ನೂ ಹೇಳುತ್ತದೆ. ಆದರೆ ಯಾರ ಮುಂದೆ ತಲೆಬಾಗಬೇಕು, ಯಾರ ಮುಂದೆ ಬಾಗಬಾರದು ಎಂಬ ಪ್ರಶ್ನೆಯನ್ನು ಆ ಪದ ಬಿಡಿಸಿಕೊಡುವುದಿಲ್ಲ. ಅದನ್ನು ತನ್ನ ಬದುಕಿನಲ್ಲೇ ಬಿಡಿಸಬೇಕಾಗಿ ಬಂದ ಒಬ್ಬ ಹೆಣ್ಣುಮಗಳ ಕುರಿತು ಇಂದು ಮಾತನಾಡುತ್ತೇನೆ.

ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಸೀಮೆಯ ಚಿತ್ಪಾವನ ಬ್ರಾಹ್ಮಣರು. ಹೆಂಡತಿಗೆ ಸಂಸ್ಕೃತ ಕಲಿಸಿದ ಕಾರಣಕ್ಕೆ ಸ್ವಜಾತಿಯವರ ವಿರೋಧ ಕಟ್ಟಿಕೊಂಡವರು. ತಾಯಿಯಿಂದ ಮಗಳು ಸಾವಿರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿದಳು. ಕುಟುಂಬವು ಪುರಾಣ ಹೇಳುತ್ತಾ ತೀರ್ಥದಿಂದ ತೀರ್ಥಕ್ಕೆ ನಡೆಯಿತು. ಇದ್ದ ಹಣವೆಲ್ಲ ದಾನಕ್ಕೂ ವ್ರತಕ್ಕೂ ಕರಗಿತು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಶಾಸ್ತ್ರ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದವರನ್ನು ದೇವರು ಏಕೆ ಕಾಯಲಿಲ್ಲ ಎಂಬ ಪ್ರಶ್ನೆ ಉಳಿದ ಇಬ್ಬರು ಮಕ್ಕಳ ಜೊತೆಗೇ ನಡೆಯಿತು. 1878ರಲ್ಲಿ ಅಣ್ಣನೊಂದಿಗೆ ಕಲ್ಕತ್ತ ತಲುಪಿದಾಗ ಅಲ್ಲಿನ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು. ಅಣ್ಣ ತೀರಿಕೊಂಡ; ಬಂಗಾಳದ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಆದ ಮದುವೆ ಎರಡು ವರ್ಷವೂ ತುಂಬದೆ ಅವರ ಸಾವಿನಲ್ಲಿ ಮುಗಿಯಿತು. ಕೈಯಲ್ಲಿ ಎಳೆಗೂಸು ಮನೋರಮಾ. ಮನೆಯ ಪುಸ್ತಕಗಳ ನಡುವೆ ಸಿಕ್ಕಿದ್ದ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಆಕೆಯನ್ನು ಕ್ರಿಸ್ತನ ಕಡೆಗೆ ಸೆಳೆದಿತ್ತು.

1883ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿ ವಾಂಟೇಜ್ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಬಳಿ ಉಳಿದರು. ಆ ಸಹೋದರಿಯರು ಲಂಡನ್ನಿನ ಫುಲಮ್‌ನಲ್ಲಿ, ಸಮಾಜ ‘ಕೆಟ್ಟವರು’ ಎಂದು ಹೊರದೂಡಿದ ಹೆಂಗಸರಿಗಾಗಿ ಒಂದು ಮನೆ ನಡೆಸುತ್ತಿದ್ದರು. ಅದನ್ನು ನೋಡಿದ ರಮಾಬಾಯಿಯವರ ಮನಸ್ಸು ಅಲುಗಾಡಿತು. ಅಂಥ ಹೆಂಗಸರಿಗೆ ಶಿಕ್ಷೆಯನ್ನು ವಿಧಿಸುವ ಶಾಸ್ತ್ರವಾಕ್ಯಗಳು ಅವರಿಗೆ ಕಂಠಸ್ಥವಾಗಿದ್ದವು; ಅವರನ್ನು ಕೈಹಿಡಿದು ಒಳಗೆ ಕರೆದು ಕೂರಿಸುವ ಮನೆಯನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ಇದೇಕೆ ಹೀಗೆ ಎಂದು ಕೇಳಿದಾಗ ಸಹೋದರಿಯರು ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತನಾಡಿದ ಕಥೆಯನ್ನು ಓದಿ ಹೇಳಿದರು. ಕಾಶಿಯ ಪಂಡಿತರಾಗಿದ್ದು ಕ್ರೈಸ್ತರಾದ ನೆಹೆಮಿಯಾ ಗೋರೆಯವರ ಪತ್ರಗಳೂ ಅವರ ತಾರ್ಕಿಕ ಸಂದೇಹಗಳಿಗೆ ಉತ್ತರ ಕೊಟ್ಟವು. ಆ ವರ್ಷದ ಸೆಪ್ಟೆಂಬರ್ 29ರಂದು ಅವರು ದೀಕ್ಷಾಸ್ನಾನ ಪಡೆದರು.

ಇಲ್ಲಿಗೆ ಕಥೆ ಮುಗಿಯಿತೆಂದು ಅನೇಕ ಉಪದೇಶಕರು ನಿಲ್ಲಿಸಿಬಿಡುತ್ತಾರೆ. ನನಗೆ ತೋರುವಂತೆ ನಿಜವಾದ ಕಥೆ ಶುರುವಾಗುವುದೇ ಇಲ್ಲಿಂದ. ದೀಕ್ಷೆ ಪಡೆದ ಹೆಂಗಸು ಇನ್ನು ಮೇಲೆ ಸಭೆ ಹೇಳಿದಂತೆ ನಡೆಯುತ್ತಾಳೆಂದು ಆಕೆಗೆ ಆಸರೆ ಕೊಟ್ಟವರು ಎಣಿಸಿದ್ದರು. ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿದ್ದಾಗ ಆಕೆ ಯುವಕರಿಗೆ ಪಾಠ ಹೇಳುವುದು ಸರಿಯಲ್ಲ, ಭಾರತಕ್ಕೆ ಮರಳಿದಾಗ ಆಕೆಯ ಹೆಸರಿಗೆ ಕುಂದು ಬರುತ್ತದೆ ಎಂದು ಭಾರತದಲ್ಲಿದ್ದ ಬಿಷಪ್ಪರು ಆಕ್ಷೇಪಿಸಿದರು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರೆನ್ನುವ ತ್ರಿತ್ವದಂಥ ಸಿದ್ಧಾಂತಗಳ ಬಗ್ಗೆ ಆಕೆ ಪ್ರಶ್ನೆ ಕೇಳಿದರೆ, ದೀಕ್ಷಾಸ್ನಾನದಲ್ಲಿ ಆಕೆಯ ಧರ್ಮಮಾತೆಯಾಗಿದ್ದ ವಾಂಟೇಜಿನ ಸಿಸ್ಟರ್ ಜೆರಾಲ್ಡಿನ್ ಅವರಿಗೆ ಅದು ಅಹಂಕಾರವಾಗಿ ಕಂಡಿತು. ರಮಾಬಾಯಿ ಕೊಟ್ಟ ಉತ್ತರ ಪತ್ರಗಳಲ್ಲಿ ಉಳಿದಿದೆ: ಭಾರತದ ಪುರೋಹಿತವರ್ಗದ ನೊಗವನ್ನು ಬಹು ಪ್ರಯಾಸದಿಂದ ಈಗಷ್ಟೇ ಕಳಚಿಕೊಂಡಿದ್ದೇನೆ, ಅಂಥದೇ ಇನ್ನೊಂದು ನೊಗದ ಕೆಳಗೆ ಕತ್ತು ಕೊಡಲಾರೆ ಎಂಬುದು ಅದರ ಸಾರ. ದೇವರ ಅಧಿಕಾರಕ್ಕೆ ಶರಣಾಗುವುದೆಂದರೆ ದೇವರ ಹೆಸರಿನಲ್ಲಿ ಮಾತನಾಡುವ ಪ್ರತಿಯೊಬ್ಬರಿಗೂ ಶರಣಾಗುವುದಲ್ಲ ಎಂದು ಆಕೆಗೆ ಸ್ಪಷ್ಟವಾಗಿತ್ತು. ಸಭೆಯ ಶಿಸ್ತಿಗೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಸಿಸ್ಟರ್ ಜೆರಾಲ್ಡಿನ್ ಅವರ ಆತಂಕದಲ್ಲಿ ಪ್ರೀತಿಯೂ ಇತ್ತು. ಆದರೆ ಒಪ್ಪಿಕೊಳ್ಳುವುದನ್ನೇ ವಿಶ್ವಾಸವೆಂದೂ ಪ್ರಶ್ನಿಸುವುದನ್ನೇ ದಂಗೆಯೆಂದೂ ಎಣಿಸುವ ಚಾಳಿ ನಮ್ಮ ಸಭೆಗಳಲ್ಲಿ ಇಂದಿಗೂ ಇದೆ, ಹೆಂಗಸರ ವಿಷಯದಲ್ಲಂತೂ ತುಸು ಹೆಚ್ಚೇ ಇದೆ.

ಹಾಗಾದರೆ ಈ ಸ್ವಾತಂತ್ರ್ಯಪ್ರಿಯ ಹೆಂಗಸು ಶರಣಾದದ್ದು ಯಾವಾಗ? ಅವರ ಸ್ವಂತ ಸಾಕ್ಷ್ಯ ನಮ್ಮನ್ನು ಬೆಚ್ಚಿಬೀಳಿಸುವಂತಿದೆ. ದೀಕ್ಷಾಸ್ನಾನದ ಹೊತ್ತಿನಲ್ಲಿ ತನಗೆ ಕ್ರೈಸ್ತಧರ್ಮ ಸಿಕ್ಕಿತ್ತು, ಕ್ರಿಸ್ತನು ಸಿಕ್ಕಿರಲಿಲ್ಲ ಎಂದು ಅವರು 1907ರಲ್ಲಿ ಬರೆದುಕೊಂಡರು. ದೀಕ್ಷೆಯಾಗಿ ಸುಮಾರು ಎಂಟು ವರ್ಷ ಕಳೆದ ಮೇಲೆ, ತನ್ನ ವಿದ್ಯೆಯಾಗಲಿ ಸತ್ಕಾರ್ಯವಾಗಲಿ ತನ್ನನ್ನು ಕಾಯಲಾರವು ಎಂದು ಮನಗಂಡು ತನ್ನನ್ನು ಒಪ್ಪಿಸಿಕೊಟ್ಟಾಗಲೇ ಶಾಂತಿ ದೊರೆಯಿತೆಂದು ಅವರು ಹೇಳುತ್ತಾರೆ. ಬಿಷಪ್ಪರ ಮುಂದೆ ಬಾಗದ ಕತ್ತು ಇಲ್ಲಿ ಬಾಗಿತು.

ಆ ಹೊತ್ತಿಗೆ ಅವರು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ತೆರೆದಿದ್ದ ಶಾರದಾ ಸದನ ಪುಣೆಗೆ ಬಂದಿತ್ತು. ಅಲ್ಲಿ ಮತಾಂತರ ಮಾಡುವುದಿಲ್ಲವೆಂಬ ಮಾತು ಮೊದಲೇ ಆಗಿತ್ತು. ಅವರು ಬಾಗಿಲು ತೆರೆದಿಟ್ಟು ಮಾಡುತ್ತಿದ್ದ ಪ್ರಾರ್ಥನೆಗೆ ಕೆಲವು ಹುಡುಗಿಯರು ಬಂದು ಕೂರತೊಡಗಿದಾಗ ಗದ್ದಲವೆದ್ದು, 1893ರಲ್ಲಿ ರಾನಡೆ, ಭಂಡಾರ್ಕರ್ ಮೊದಲಾದ ಹಿಂದೂ ಸಮಾಜ ಸುಧಾರಕರು ಸದನದ ಸಲಹಾ ಮಂಡಳಿಯಿಂದ ಹೊರಬಂದರು. ಹಲವು ಹುಡುಗಿಯರನ್ನು ಮನೆಯವರು ಕರೆದೊಯ್ದರು. ಅವರ ಅಸಮಾಧಾನಕ್ಕೆ ಆಧಾರವಿರಲಿಲ್ಲವೆಂದು ನಾನು ಹೇಳಲಾರೆ. ದಿಕ್ಕಿಲ್ಲದವರಿಗೆ ಆಶ್ರಯ ಕೊಡುವವರ ವಿಶ್ವಾಸ ಆಶ್ರಿತರ ಮೇಲೆ ಭಾರವಾಗದಂತೆ ನೋಡಿಕೊಳ್ಳುವುದು ಬಹಳ ಕಷ್ಟದ ಕೆಲಸ. ಬಾಗಿಲು ಮುಚ್ಚಿ ಪ್ರಾರ್ಥಿಸುವುದಕ್ಕೆ ರಮಾಬಾಯಿಯವರು ಮಾತ್ರ ಒಪ್ಪಲಿಲ್ಲ.

1896ರ ಬರಗಾಲ ಬಂದಾಗ, ಹಿಂದೆ ತಾನೇ ಹಸಿದು ನಡೆದಿದ್ದ ಹೆಂಗಸು ಮಧ್ಯಪ್ರಾಂತಕ್ಕೆ ಹೊರಟು, ದಿಕ್ಕಿಲ್ಲದ ಹುಡುಗಿಯರನ್ನೂ ವಿಧವೆಯರನ್ನೂ ನೂರುಗಟ್ಟಲೆ ಕರೆತಂದರು. ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ಕೊಂಡಿದ್ದ ಹೊಲವೇ ‘ಮುಕ್ತಿ’ ಎಂಬ ಆಶ್ರಯಧಾಮವಾಯಿತು. 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಮಂದಿ ಇದ್ದರು. ಬಾವಿ ತೋಡಿಸಿದರು, ಬೇಸಾಯ, ನೇಯ್ಗೆ, ಹೈನುಗಾರಿಕೆ, ಅಚ್ಚಿನ ಕೆಲಸಗಳನ್ನು ಆ ಹೆಂಗಸರ ಕೈಗೇ ಕೊಟ್ಟರು. ಕುರುಡರಿಗೆ ಬ್ರೈಲ್ ಕಲಿಸುವ ಏರ್ಪಾಡಾಯಿತು. ಕೀರ್ತನೆಗಳಲ್ಲಿ ನಾವು ಓದುವ ಆಶ್ರಯದುರ್ಗವೆಂಬ ಮಾತಿಗೆ ಇಲ್ಲಿ ಕಲ್ಲು, ಮಣ್ಣು, ಜೋಳದ ರೊಟ್ಟಿಯ ರೂಪ ಬಂತು. ಕೊನೆಯ ವರ್ಷಗಳನ್ನು ಅವರು ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಬೈಬಲನ್ನು ಸರಳ ಮರಾಠಿಗೆ ತರುವುದಕ್ಕೆ ಸವೆಸಿದರು. 1921ರಲ್ಲಿ ಮಗಳು ಮನೋರಮಾ ತೀರಿಕೊಂಡಳು. ಮರುವರ್ಷದ ಏಪ್ರಿಲ್ 5ರಂದು ತಾಯಿಯೂ ಹೋದರು.

ಮುಕ್ತಿಯ ಆವರಣದಲ್ಲಿ ‘ಕೃಪಾ ಸದನ’ ಎಂಬ ಬೇರೊಂದು ಮನೆಯಿತ್ತು. ಉಳಿದವರೆಲ್ಲರೂ ಬಾಗಿಲು ಮುಚ್ಚಿದ, ‘ಕೆಟ್ಟವರು’ ಎಂಬ ಹೆಸರು ಹೊತ್ತ ಹೆಂಗಸರನ್ನು ಅಲ್ಲಿ ಇರಿಸಿಕೊಳ್ಳುತ್ತಿದ್ದರು. ಫುಲಮ್‌ನಲ್ಲಿ 1883ರಲ್ಲಿ ಕಂಡ ಮನೆಯನ್ನು ರಮಾಬಾಯಿ ಕೇಡಗಾಂವ್‌ನ ಒಣನೆಲದಲ್ಲಿ, ಯಾವ ಬಿಷಪ್ಪರ ಅಪ್ಪಣೆಗೂ ಕಾಯದೆ, ಕಟ್ಟಿಕೊಂಡಿದ್ದರು.