ಮಂಪರು ಕವಿದಾಗ

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ಅಮ್ಮನಿಗೆ ಆಪರೇಷನ್ ಆಯಿತು. ವಾರ್ಡಿಗೆ ತಂದು ಮಲಗಿಸಿದಾಗ ಅವರ ಕಣ್ಣು ಅರ್ಧ ತೆರೆದಿತ್ತು. "ಅಮ್ಮಾ" ಅಂದೆ. "ಹಾಲು ಉಕ್ತಾ ಇದೆ, ಸ್ಟವ್ ಗಾಳಿ ಬಿಡು" ಅಂದರು. ನನಗೆ ಗಾಬರಿ. ನರ್ಸ್ ಬಂದು ನೋಡಿ, "ಏನಿಲ್ಲ, ಇನ್ನೂ ಮಂಪರಲ್ಲಿದ್ದಾರೆ" ಅಂದರು. ಹೋದ ಜೀವ ಬಂದ ಹಾಗಾಯಿತು. ಇವತ್ತು ಆ ಮಂಪರು ಅನ್ನುವ ಮಾತಿನ ಬಗ್ಗೆಯೇ ನಾಲ್ಕು ಮಾತು.

ಮಂಪರು ನಿದ್ದೆಯಲ್ಲ, ಮೂರ್ಛೆಯೂ ಅಲ್ಲ. ಮೂರ್ಛೆ ಹೋದವರು ಕೂಗಿದರೆ ಓಗೊಡುವುದಿಲ್ಲ. ಮಂಪರಿನಲ್ಲಿರುವವರು ಓಗೊಡುತ್ತಾರೆ, ಆದರೆ ಬೇರೆಲ್ಲಿಂದಲೋ. ಜೊಂಪು ಇದಕ್ಕಿಂತ ಹಗುರ. ಊಟವಾದ ಮೇಲೆ ಬಸ್ಸಿನ ಕಿಟಕಿ ಪಕ್ಕ ಹತ್ತುವಂಥದ್ದು. ಭುಜ ತಟ್ಟಿದರೆ ಸಾಕು, ಹೋಯಿತು.

ಮೂರ್ಛೆ ಸಂಸ್ಕೃತದಿಂದ ಬಂದದ್ದು. ಮಂಪರು ನಮ್ಮ ದ್ರಾವಿಡ ನುಡಿಗಳದ್ದೇ, ಮಬ್ಬು ಅನ್ನುವುದರ ಒಡಹುಟ್ಟು. ತೆಲುಗಿನಲ್ಲಿ ಮಬ್ಬು ಎಂದರೆ ಮೋಡ. ತಮಿಳಿನಲ್ಲಿ ಮಪ್ಪು ಎಂದರೆ ಮೋಡ ಮುಸುಕಿರುವುದು. ಕುಡಿದ ಅಮಲಿಗೂ ಅದೇ ಮಾತು. ಈಗ ನಾವು ದಿನಾ ಆಡುವುದನ್ನೇ ಸ್ವಲ್ಪ ಗಮನಿಸಿ. ಮೋಡ ಕವಿಯುತ್ತದೆ. ಮಬ್ಬು ಕವಿಯುತ್ತದೆ. ಮಂಪರೂ ಕವಿಯುತ್ತದೆ, ಆಮೇಲೆ ಹರಿಯುತ್ತದೆ. ಆಕಾಶದ ಮಾತು ತಲೆಯೊಳಗೆ ಇಳಿದಿದೆ, ಅಲ್ವಾ?

ಪತ್ರಿಕೆಗಳಲ್ಲಿ 'ಮಂಪರು ಪರೀಕ್ಷೆ' ಅಂತ ಓದಿರುತ್ತೀರಿ. ಇಂಗ್ಲಿಷಿನಲ್ಲಿ ಅದು ನಾರ್ಕೋ. ಅದರ ಬೇರು ಗ್ರೀಕಿನ ನಾರ್ಕೆ, ಅಂದರೆ ಜೋಮು, ಮರಗಟ್ಟುವುದು. ಮುಟ್ಟಿದರೆ ಕೈಗೆ ಜೋಮು ಹಿಡಿಸುವ ವಿದ್ಯುತ್ ಮೀನಿಗೂ ಗ್ರೀಕರು ಅದೇ ಹೆಸರಿಟ್ಟಿದ್ದರು. ಕನ್ನಡದವರು ಜೋಮನ್ನು ಬಿಟ್ಟು ಮಂಪರನ್ನು ಹಿಡಿದರು. ಎಷ್ಟು ಸರಿಯಾದ ಆಯ್ಕೆ! ಆರೋಪಿಗೆ ಸೋಡಿಯಂ ಪೆಂಟೊಥಾಲ್ ಅನ್ನುವ ಮಂಪರು ತರಿಸುವ ಮದ್ದು ಚುಚ್ಚಿ ಪ್ರಶ್ನೆ ಕೇಳುವ ಪರೀಕ್ಷೆ ಅದು. ಪೂರ್ತಿ ಎಚ್ಚರ ತಪ್ಪಿದರೆ ಉತ್ತರವೇ ಬರುವುದಿಲ್ಲವಲ್ಲ.

2010ರ ಮೇ 5ರಂದು, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಯಾರಿಗೂ ಈ ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಒಪ್ಪಿ ಮಾಡಿಸಿಕೊಂಡರೂ ಅದರ ಫಲಿತಾಂಶವೊಂದೇ ಸಾಕ್ಷಿಯಾಗುವುದಿಲ್ಲ. ನನಗಂತೂ ಇದು ನ್ಯಾಯ ಅನ್ನಿಸುತ್ತದೆ. ಅಮ್ಮ ಹೇಳಿದ ಆ ಸೀಮೆಎಣ್ಣೆ ಸ್ಟವ್ ನಮ್ಮ ಮನೆಯಿಂದ ಹೋಗಿ 30 ವರ್ಷವಾಗಿದೆ.

ಸಂಜೆ ಹೊತ್ತಿಗೆ ಮಂಪರು ಹರಿಯಿತು. ಹಾಲಿನ ವಿಷಯ ಹೇಳಿದೆ. ನೆನಪೇ ಇಲ್ಲ ಅಂದರು. ಸ್ವಲ್ಪ ಹೊತ್ತು ಸುಮ್ನಿದ್ದು, ಮೆಲ್ಲಗೆ ಕೇಳಿದರು: "ಉಕ್ಕಿ ಚೆಲ್ಲಿಬಿಡ್ತಾ?"