ಆರ್‌ಎ ಫ್ಯಾಕ್ಟರ್ ಬರೆಯುವ ಮೊದಲು

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು ರುಮಟಾಯ್ಡ್ ಆರ್ಥ್ರೈಟಿಸ್ ಬಗ್ಗೆ, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ಕೆಲವರು ಸಂಧಿವಾತ ಅನ್ನುತ್ತಾರೆ, ಇನ್ನು ಕೆಲವರು ಕೀಲುವಾತ. ನಾನು ಹೇಳುವುದರಲ್ಲಿ ಹೆಚ್ಚಿನದು ರೋಗಿಗಳಿಗಲ್ಲ, ಊರಿನ ಡಾಕ್ಟರುಗಳಿಗೆ. ತಾಲ್ಲೂಕಿನಲ್ಲೋ ಹೋಬಳಿಯಲ್ಲೋ ಕ್ಲಿನಿಕ್ ಇಟ್ಟುಕೊಂಡು, ಜ್ವರ, ಕೆಮ್ಮು, ಶುಗರ್, ಬಿಪಿ ಎಲ್ಲವನ್ನೂ ಒಬ್ಬರೇ ನೋಡುವ ಕುಟುಂಬ ವೈದ್ಯರಿಗೆ. ಉಳಿದವರೂ ಕೇಳಿ. ಕೈ ನಿಮ್ಮದೇ ತಾನೇ?

ಈ ರೋಗ ಕ್ಲಿನಿಕ್ಕಿಗೆ ಬರುವ ರೀತಿ ಸ್ವಲ್ಪ ಮೋಸದ್ದು. ಮೂವತ್ತೈದು ನಲವತ್ತರ ಹೆಂಗಸು. ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುವುದಿಲ್ಲ. ಪಾತ್ರೆ ಹಿಡಿಯಲು ಆಗುವುದಿಲ್ಲ, ಬಳೆ ತೊಡಲು ಆಗುವುದಿಲ್ಲ. ಮನೆಕೆಲಸ ಮಾಡುತ್ತಾ ಮಾಡುತ್ತಾ ಹನ್ನೊಂದರ ಹೊತ್ತಿಗೆ ಕೈ ಸಡಿಲವಾಗುತ್ತದೆ. ಅವರು ಡಾಕ್ಟರ ಹತ್ತಿರ ಬರುವುದು ಸಂಜೆ, ಮನೆಯವರ ಕೆಲಸ ಮುಗಿದ ಮೇಲೆ. ಆಗ ಕೈ ನೋಡಿದರೆ ಅಂಥದ್ದೇನೂ ಕಾಣುವುದಿಲ್ಲ. ‘ಸುಸ್ತು, ಕ್ಯಾಲ್ಸಿಯಂ ಕಮ್ಮಿ’ ಎಂದು ಮಾತ್ರೆ ಬರೆದು ಕಳಿಸುವುದು ಸುಲಭ. ‘ಬೆಳಿಗ್ಗೆ ಎಷ್ಟು ಹೊತ್ತು ಬಿಗಿ ಇರುತ್ತಮ್ಮ?’ ಎಂದು ಕೇಳಿದರೆ ಮಾತ್ರ ಕಥೆ ಹೊರಗೆ ಬರುತ್ತದೆ. ಐದು ಹತ್ತು ನಿಮಿಷ ಅಂದರೆ ಕೀಲು ಸವೆದ ನೋವು ಇರಬಹುದು. ಅರ್ಧ ಗಂಟೆ, ಒಂದು ಗಂಟೆ ದಾಟಿತು ಅಂದರೆ ಕಿವಿ ನೆಟ್ಟಗಾಗಬೇಕು.

ಇದರಲ್ಲಿ ಡಾಕ್ಟರನ್ನೇ ದೂರುವುದೂ ಸರಿಯಲ್ಲ. ನಮ್ಮ ಹೆಚ್ಚಿನ ಮೆಡಿಕಲ್ ಕಾಲೇಜುಗಳಲ್ಲಿ ಈ ರೋಗಗಳಿಗೆಂದೇ ಬೇರೆ ವಿಭಾಗ ಇಲ್ಲ. ಪಠ್ಯಪುಸ್ತಕದಲ್ಲಿ ನೆನಪಿಗೆ ಉಳಿಯುವುದು ಬೆರಳುಗಳೆಲ್ಲ ಒಂದು ಕಡೆಗೆ ವಾಲಿ ಸೊಟ್ಟಗಾದ ಕೈಯ ಫೋಟೋ. ಪರೀಕ್ಷೆಗೆ ಅದೇ ಬರುತ್ತದೆ. ಆದರೆ ಕೈ ಆ ಫೋಟೋದ ಹಾಗೆ ಆಗುವ ಹೊತ್ತಿಗೆ ಮೂಳೆ ಸವೆದು ವರ್ಷಗಳೇ ಕಳೆದಿರುತ್ತವೆ. ನಾವು ಕಲಿಸಬೇಕಾದ್ದು ಮೊದಲ ಮೂರು ತಿಂಗಳ ಕೈಯನ್ನು.

ಆ ಕೈಯನ್ನು ನೋಡುವುದು ಹೇಗೆ? ಎರಡು ನಿಮಿಷ ಸಾಕು. ಕೈಕುಲುಕುವ ಹಾಗೆ ಹಿಡಿದು, ಬೆರಳು ಹಸ್ತಕ್ಕೆ ಸೇರುವ ನಾಲ್ಕು ಗೆಣ್ಣುಗಳನ್ನು ಎರಡೂ ಬದಿಯಿಂದ ಮೆಲ್ಲಗೆ ಅದುಮಿ. ಅದುಮುವಾಗ ಕೈ ನೋಡಬೇಡಿ, ಮುಖ ನೋಡಿ. ಆಮೇಲೆ ಒಂದೊಂದೇ ಗೆಣ್ಣನ್ನು ಹೆಬ್ಬೆರಳಿನಿಂದ ಮುಟ್ಟಿ. ಊತ ನಾದಿದ ಹಿಟ್ಟಿನ ಹಾಗೆ ಮೆತ್ತಗಿದ್ದರೆ ಕೀಲಿನ ಒಳಪೊರೆಯಲ್ಲಿ ಉರಿಯೂತ ಇದೆ ಎಂದು ಲೆಕ್ಕ. ಗಟ್ಟಿ ಗಂಟು, ಅದೂ ಉಗುರಿನ ಪಕ್ಕದ ಕೀಲಿನಲ್ಲಿ, ಅಂದರೆ ಅದು ಹೆಚ್ಚಾಗಿ ವಯಸ್ಸಿನ ಸವಕಳಿ. ರುಮಟಾಯ್ಡ್ ಸಾಮಾನ್ಯವಾಗಿ ಆ ತುದಿಯ ಕೀಲನ್ನು ಬಿಟ್ಟುಬಿಡುತ್ತದೆ. ಮುಷ್ಟಿ ಕಟ್ಟಿಸಿ ನೋಡಿ. ಗೆಣ್ಣುಗಳ ನಡುವಿನ ತಗ್ಗು ತುಂಬಿಕೊಂಡಿದ್ದರೆ ಅದೂ ಊತವೇ. ಚಪ್ಪಲಿ ಬಿಚ್ಚಿಸಿ ಪಾದದ ಮುಂಭಾಗವನ್ನೂ ಹೀಗೇ ಅದುಮಬೇಕು. ಇದನ್ನು ಬಹಳ ಜನ ಮರೆಯುತ್ತಾರೆ.

ನಮ್ಮಲ್ಲಿ ಆಗುವುದು ಉಲ್ಟಾ. ಕೈ ಮುಟ್ಟುವ ಮೊದಲೇ ಲ್ಯಾಬಿಗೆ ಚೀಟಿ ಹೋಗುತ್ತದೆ. ‘ಆರ್ಥ್ರೈಟಿಸ್ ಪ್ರೊಫೈಲ್’ ಎಂದು ಒಂದು ಪ್ಯಾಕೇಜು. ಅದರಲ್ಲಿ ಆರ್‌ಎ ಫ್ಯಾಕ್ಟರ್, ಎಎಸ್‌ಒ, ಯೂರಿಕ್ ಆ್ಯಸಿಡ್. ಎಎಸ್‌ಒಗೂ ಈ ರೋಗಕ್ಕೂ ಸಂಬಂಧವೇ ಇಲ್ಲ. ಅದು ಗಂಟಲಿನ ಸ್ಟ್ರೆಪ್ಟೋಕಾಕಸ್ ಸೋಂಕಿನ ಗುರುತು, ರುಮ್ಯಾಟಿಕ್ ಜ್ವರದ ಮಕ್ಕಳಿಗೆ ಬೇಕಾದ್ದು. ಇನ್ನು ಆರ್‌ಎ ಫ್ಯಾಕ್ಟರ್, ರಕ್ತದಲ್ಲಿ ನೋಡುವ ಒಂದು ಪ್ರತಿಕಾಯ. ಆರ್‌ಎ ಅಂದರೆ ರುಮಟಾಯ್ಡ್ ಆರ್ಥ್ರೈಟಿಸ್. ಹೆಸರಿನಲ್ಲೇ ರೋಗ ಇದೆ, ಅದೇ ತೊಂದರೆ. ಕಾಯಿಲೆ ಇರುವ ನೂರು ಜನರಲ್ಲಿ ಇಪ್ಪತ್ತು ಮೂವತ್ತು ಮಂದಿಗೆ ಅದು ನೆಗೆಟಿವ್ ಬರುತ್ತದೆ. ಕಾಯಿಲೆ ಇಲ್ಲದ ಕೆಲವು ವಯಸ್ಸಾದವರಲ್ಲಿ, ಹೆಪಟೈಟಿಸ್ ಸಿ ಇರುವವರಲ್ಲಿ ಪಾಸಿಟಿವ್ ಬರುತ್ತದೆ. ಆ್ಯಂಟಿ ಸಿಸಿಪಿ ಎಂಬ ಇನ್ನೊಂದು ರಕ್ತಪರೀಕ್ಷೆ ಇದಕ್ಕಿಂತ ನಂಬಿಕಸ್ಥ. ಆದರೆ ಅದೂ ನೆಗೆಟಿವ್ ಬರಬಹುದು. ಎಕ್ಸ್‌ರೇ ಶುರುವಿನಲ್ಲಿ ಮಾಮೂಲಾಗಿಯೇ ಇರುತ್ತದೆ. ಕೀಲು ಊದಿದೆ, ರಿಪೋರ್ಟು ನಾರ್ಮಲ್ ಅಂದರೆ, ನಾನು ಊದಿದ ಕೀಲನ್ನು ನಂಬುತ್ತೇನೆ.

ಕರ್ನಾಟಕದಲ್ಲಿ ಇನ್ನೊಂದು ಗೋಜಲು ಉಂಟು, ಚಿಕುನ್‌ಗುನ್ಯಾ. 2006ರಲ್ಲಿ ನಮ್ಮ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಜ್ವರ ಹೋದ ಮೇಲೂ ತಿಂಗಳುಗಟ್ಟಲೆ ಕೀಲು ನೋವು. ಅದೂ ಎರಡೂ ಕೈಗೆ, ಅದೂ ಬೆಳಗಿನ ಬಿಗಿತ. ಥೇಟ್ ರುಮಟಾಯ್ಡ್ ತರಹವೇ. ಅಂದಿನಿಂದ ಕೀಲು ನೋವು ಅಂದರೆ ‘ಚಿಕುನ್‌ಗುನ್ಯಾದ ನಂಜು, ತಾನೇ ಹೋಗುತ್ತೆ’ ಎನ್ನುವ ಸಮಾಧಾನ ಊರೂರಲ್ಲಿ ರೂಢಿಯಾಗಿದೆ. ಹೋಗುವುದೂ ಉಂಟು. ಆದರೆ ಆರು ವಾರ ದಾಟಿಯೂ ಊತ ಇಳಿಯದಿದ್ದರೆ ಆ ಸಮಾಧಾನ ಸಾಲದು. ಬೇರೆ ಯೋಚನೆ ಮಾಡಲೇಬೇಕು.

ಈ ತಡ ನಮ್ಮೊಬ್ಬರದೇ ಅಲ್ಲ. ಬ್ರಿಟನ್ನಿನಲ್ಲಿ ಎಲ್ಲರಿಗೂ ಒಬ್ಬ ಕುಟುಂಬ ವೈದ್ಯರಿರುತ್ತಾರೆ. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2009ರಲ್ಲಿ ನೋಡಿದಾಗ ಕಂಡದ್ದು ಏನು ಗೊತ್ತಾ? ಕೀಲುರೋಗ ತಜ್ಞರ ಹತ್ತಿರ ಕಳಿಸುವ ಮೊದಲು ರೋಗಿ ಸರಾಸರಿ ನಾಲ್ಕು ಸಲ ಕುಟುಂಬ ವೈದ್ಯರ ಬಾಗಿಲು ತಟ್ಟಿದ್ದರು. ಈಗ ಅಲ್ಲಿನ ಮಾರ್ಗಸೂಚಿ ಖಡಾಖಂಡಿತವಾಗಿದೆ. ಕಾರಣ ಗೊತ್ತಾಗದ ಊತ ಕೈಯ ಅಥವಾ ಪಾದದ ಸಣ್ಣ ಕೀಲುಗಳಲ್ಲಿ ಇದ್ದರೆ, ಉರಿಯೂತ ತೋರಿಸುವ ಇಎಸ್‌ಆರ್ ರಕ್ತಪರೀಕ್ಷೆ ನಾರ್ಮಲ್ ಇರಲಿ, ಆರ್‌ಎ ಫ್ಯಾಕ್ಟರ್ ನೆಗೆಟಿವ್ ಇರಲಿ, ಮೂರು ಕೆಲಸದ ದಿನಗಳೊಳಗೆ ರೆಫರ್ ಮಾಡಬೇಕು. ರಾಯಚೂರು, ಚಾಮರಾಜನಗರದ ಹಳ್ಳಿಯಿಂದ ಮೂರು ದಿನದಲ್ಲಿ ಆಗುತ್ತಾ ಎಂದು ನೀವು ನಗಬಹುದು. ಮೂರು ವಾರವಾದರೂ ಪರವಾಗಿಲ್ಲ. ಈಗ ಆಗುತ್ತಿರುವುದು ವರ್ಷ.

ಆ ವರ್ಷವನ್ನು ತಿನ್ನುವುದು ಹೆಚ್ಚಾಗಿ ಸ್ಟಿರಾಯ್ಡ್. ಒಂದು ಇಂಜೆಕ್ಷನ್, ಮರುದಿನವೇ ಆರಾಮ. ಡಾಕ್ಟರಿಗೆ ಹೆಸರು, ರೋಗಿಗೆ ನಿದ್ದೆ. ಸ್ಟಿರಾಯ್ಡ್ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಸರಿಯಾದ ಔಷಧ ಕೆಲಸ ಶುರುಮಾಡಲು ವಾರಗಳು ಬೇಕು, ಅಲ್ಲಿಯವರೆಗೆ ಕಡಿಮೆ ಡೋಸಿನಲ್ಲಿ ಅದು ಆಸರೆ. ಅದನ್ನೇ ಚಿಕಿತ್ಸೆ ಎಂದು ತಿಂಗಳುಗಟ್ಟಲೆ ಎಳೆದರೆ ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ಕೀಲು ಒಳಗೊಳಗೇ ಹಾಳಾಗುತ್ತಿರುತ್ತದೆ.

ಸರಿಯಾದ ಔಷಧ ಅಂದರೆ, ನೋವನ್ನಷ್ಟೇ ಅಲ್ಲ, ರೋಗವನ್ನೇ ಹತೋಟಿಗೆ ತರುವ ಔಷಧ; ಹೆಚ್ಚಿನವರಿಗೆ ಮೊದಲು ಮೆಥೋಟ್ರೆಕ್ಸೇಟ್. ದುಬಾರಿಯಲ್ಲ. ಅದನ್ನು ಶುರುಮಾಡುವವರು ತಜ್ಞರು, ವರ್ಷಗಟ್ಟಲೆ ನೋಡಿಕೊಳ್ಳುವವರು ನೀವು. ರಕ್ತಕಣಗಳ ಎಣಿಕೆ, ಲಿವರ್, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಆಗಾಗ ನೋಡಬೇಕು. ಫೋಲಿಕ್ ಆ್ಯಸಿಡ್ ಜೊತೆಗಿರಬೇಕು. ಗರ್ಭಿಣಿಯರಿಗೆ ಕೂಡದು, ಮಗು ಬೇಕೆನ್ನುವವರು ಮೊದಲೇ ಹೇಳಬೇಕು. ಎಲ್ಲಕ್ಕಿಂತ ಮುಖ್ಯ, ಇದು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧ. ಬಿಪಿ ಮಾತ್ರೆಯ ಅಭ್ಯಾಸದಲ್ಲಿ ದಿನಾ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು, ಜೀವಕ್ಕೇ ಬರುತ್ತದೆ. ಆದ್ದರಿಂದ ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಎಂದು ಸುಮ್ನೆ ಗೀಚಬೇಡಿ. ‘ಭಾನುವಾರ ಮಾತ್ರ’ ಎಂದು ದಪ್ಪಕ್ಷರದಲ್ಲಿ, ಕನ್ನಡದಲ್ಲಿ ಬರೆಯಿರಿ. ಓದು ಬಾರದವರಾದರೆ ಜೊತೆಗೆ ಬಂದವರಿಂದ ಒಮ್ಮೆ ಹೇಳಿಸಿ.

ನಮಸ್ಕಾರ.