ಜೈಲಲ್ಲಿ ಕಲಿತ ಪಾಠ ಗೇಟು ದಾಟಿದ ಮೇಲೂ ಉಳಿಯುತ್ತದೆಯೇ?

(ಪರದೆಯ ಮೇಲೆ: 100ರಲ್ಲಿ 68)

ನಮಸ್ಕಾರ. 2005ರಲ್ಲಿ ಅಮೆರಿಕದ 30 ರಾಜ್ಯಗಳ ಜೈಲುಗಳಿಂದ ಹೊರಬಂದವರು ಮುಂದೆ ಏನಾದರು ಅಂತ ಅಲ್ಲಿನ ನ್ಯಾಯ ಇಲಾಖೆ ಲೆಕ್ಕ ಹಾಕಿತು. ಮೂರೇ ವರ್ಷದಲ್ಲಿ ನೂರಕ್ಕೆ ಸುಮಾರು 68 ಜನ ಮತ್ತೆ ಬಂಧನಕ್ಕೊಳಗಾಗಿದ್ದರು. ಬಂಧನವಾದ ಮಾತ್ರಕ್ಕೆ ಅಪರಾಧ ಸಾಬೀತಾದಂತಲ್ಲ, ನಿಜ. ಆದರೂ ಈ ಸಂಖ್ಯೆ ನನ್ನನ್ನು ಕಾಡುತ್ತದೆ.

ಜೈಲಲ್ಲಿ ಏಳುವ ಹೊತ್ತು, ಉಣ್ಣುವ ಹೊತ್ತು, ದೀಪ ಆರಿಸುವ ಹೊತ್ತು, ಎಲ್ಲವನ್ನೂ ಬೇರೆಯವರೇ ತೀರ್ಮಾನಿಸುತ್ತಾರೆ. ವರ್ಷಗಟ್ಟಲೆ ಹಾಗೆ ಬದುಕಿದವರು ಬಿಡುಗಡೆಯಾದ ದಿನವೇ ಮನೆ, ಕೆಲಸ, ಸಾಲ, ಹಳೆಯ ಸಹವಾಸ ಎಲ್ಲವನ್ನೂ ತಾವೇ ನಿಭಾಯಿಸಬೇಕು. ಜೀವನ ಕೌಶಲ ತರಬೇತಿ ಬೇಕಾಗುವುದು ಇದಕ್ಕೇ.

(ದೃಶ್ಯ: ವೃತ್ತಾಕಾರವಾಗಿ ಕೂತ ಗುಂಪು, ಇಬ್ಬರು ಎದ್ದು ನಿಂತು ಜಗಳದ ಅಭಿನಯ)

ಒಳ್ಳೆಯ ತರಗತಿಯಲ್ಲಿ ಉಪದೇಶ ಇರುವುದಿಲ್ಲ, ಅಭ್ಯಾಸ ಇರುತ್ತದೆ. ಒಬ್ಬ ಇನ್ನೊಬ್ಬನನ್ನು ಕೆಣಕುತ್ತಾನೆ. ತರಬೇತುದಾರರು ಅಲ್ಲೇ ತಡೆದು ಕೇಳುತ್ತಾರೆ: ಈಗ ನಿನ್ನ ತಲೆಯಲ್ಲಿ ಏನು ಓಡಿತು? 'ನನ್ನನ್ನು ಕೀಳಾಗಿ ನೋಡ್ತಿದ್ದಾನೆ' ಅನ್ನುವ ಆ ಒಂದು ಯೋಚನೆ ಮೊದಲು ಬರುತ್ತದೆ, ಕೈ ಏಳುವುದು ಆಮೇಲೆ. ಆ ನಡುವಿನ ಕ್ಷಣವನ್ನು ಗುರುತಿಸಲು ಮತ್ತೆ ಮತ್ತೆ ಕಲಿಸುತ್ತಾರೆ.

ಫಲ ಇದೆಯೇ? ಈ ಬಗೆಯ ಚಿಂತನಾ-ವರ್ತನಾ ತರಬೇತಿಯ 58 ಅಧ್ಯಯನಗಳನ್ನು ಸಂಶೋಧಕರು ಒಟ್ಟಿಗೆ ಪರಿಶೀಲಿಸಿದ್ದಾರೆ. ತರಬೇತಿ ಇಲ್ಲದ ಗುಂಪಿನಲ್ಲಿ ನೂರಕ್ಕೆ 40 ಜನ ಮತ್ತೆ ಅಪರಾಧಕ್ಕೆ ಇಳಿದರೆ, ತರಬೇತಿ ಪಡೆದವರಲ್ಲಿ ಸುಮಾರು 30. ಇದು ಪವಾಡವೇನಲ್ಲ. ಆದರೆ ನೂರರಲ್ಲಿ ಹತ್ತು ಜನ ಅಂದರೆ ಹತ್ತು ಮನೆಗಳು, ಜೊತೆಗೆ ಹಾನಿಯಿಂದ ತಪ್ಪಿಸಿಕೊಂಡ ಇನ್ನೆಷ್ಟೋ ಜನ.

ಅದೇ ಪರಿಶೀಲನೆಯಲ್ಲಿ ಕಂಡ ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಮತ್ತೆ ತಪ್ಪು ಮಾಡುವ ಅಪಾಯ ಹೆಚ್ಚಿದ್ದವರಲ್ಲೇ ಪರಿಣಾಮ ಹೆಚ್ಚು. ಶಿಸ್ತಾಗಿರುವವರನ್ನು ಆರಿಸಿ ತರಗತಿಗೆ ಕೂರಿಸುವುದು ಸುಲಭ. ಪ್ರಮಾಣಪತ್ರ ಹಂಚುವ ಫೋಟೊ ಕೂಡ ಚೆನ್ನಾಗಿ ಬರುತ್ತದೆ. ಆದರೆ 'ಇವನು ಬದಲಾಗಲ್ಲ' ಅಂತ ನಾವು ಕೈಬಿಟ್ಟವನಿಗೇ ಆ ಕುರ್ಚಿ ಸಿಗಬೇಕು.

ಎಲ್ಲ ಕಾರ್ಯಕ್ರಮವೂ ಒಳ್ಳೆಯದನ್ನೇ ಮಾಡುತ್ತದೆ ಅಂತಲೂ ಇಲ್ಲ. ಹದಿಹರೆಯದವರನ್ನು ಜೈಲಿಗೆ ಕರೆದೊಯ್ದು ಹೆದರಿಸುವ ಕಾರ್ಯಕ್ರಮಗಳು ಅಪರಾಧವನ್ನು ಹೆಚ್ಚಿಸಿದ್ದು ಪ್ರಯೋಗಗಳಲ್ಲೇ ಕಂಡುಬಂದಿದೆ.

ಇನ್ನು ಗೇಟಿನ ಹೊರಗಿನ ಮಾತು. ತಲೆಯ ಮೇಲೆ ಸೂರಿಲ್ಲದವನಿಗೆ ಕೋಪ ತಡೆಯುವ ಪಾಠ ಎಷ್ಟು ದಿನ ಕೈಹಿಡಿದೀತು? ಗುರುತಿನ ಚೀಟಿ, ಬ್ಯಾಂಕ್ ಖಾತೆ, ಇಳಿದುಕೊಳ್ಳುವ ಜಾಗ ಇವೆಲ್ಲ ಬಿಡುಗಡೆಗೆ ಮೊದಲೇ ಸಿದ್ಧವಿರಬೇಕು. ಒಳಗೆ ಕಲಿಸಿದ ತರಬೇತುದಾರರೇ ಹೊರಗಿನ ಮೊದಲ ವಾರಗಳಲ್ಲೂ ಅವನನ್ನು ಭೇಟಿಯಾಗುತ್ತಿರಬೇಕು.